200 ಟೀ ಶರ್ಟ್ ಹಾಕಿಸುವ ಮೊದಲು: ಅಭಿಮಾನಿಗಳ ಸಾಮಾನಿಗೆ ಗಿರಾಕಿ ಇದ್ದಾರಾ ಅಂತ ನೋಡುವ ಬಗೆ

ತುಮಕೂರಿನಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಟೀ ಶರ್ಟ್, ಮಗ್, ಸ್ಟಿಕರ್, ಕೀ ಚೈನ್, ಇಷ್ಟೇ ವ್ಯಾಪಾರ. ಐಪಿಎಲ್ ಶುರುವಾಗುವ ಹೊತ್ತಿಗೆ, ಇಲ್ಲವೇ ದೊಡ್ಡ ಹೀರೋ ಒಬ್ಬರ ಹುಟ್ಟುಹಬ್ಬ ಹತ್ತಿರ ಬಂದಾಗ, ಇಬ್ಬರು ಮೂವರು ಹುಡುಗರು ಬೈಕಿನಲ್ಲಿ ಬಂದು ಇಳಿಯುತ್ತಾರೆ. ಫೋನ್ ತೆಗೆದು ಡಿಸೈನ್ ತೋರಿಸುತ್ತಾರೆ. 'ಅಣ್ಣ, ಸೂಪರಾಗಿದೆ ಅಲ್ವಾ? 200 ಪೀಸ್ ಹಾಕಿಬಿಡಿ. ಒಂದೇ ವಾರದಲ್ಲಿ ಖಾಲಿ.'

ಆರ್ಡರ್ ತಗೊಂಡರೆ ನನಗೆ ಲಾಭ. ಆದರೂ ಬೇಡಪ್ಪಾ ಅನ್ನುತ್ತೇನೆ. ಆ 200ರ ಆಟ ನಾನೂ ಆಡಿದ್ದೇನೆ. ಅಂಗಡಿ ಇಟ್ಟ ಹೊಸದರಲ್ಲಿ ಒಂದು ದೊಡ್ಡ ಸಿನಿಮಾ ಬರುತ್ತದೆ ಅಂತ 200 ಟೀ ಶರ್ಟ್ ಹೊಡೆದೆ. ಭಾರಿ ಜಾಣನ ಹಾಗೆ ಬೆನ್ನ ಮೇಲೆ ಬಿಡುಗಡೆ ದಿನಾಂಕವನ್ನೂ ಹಾಕಿಸಿದೆ. ಸಿನಿಮಾ ಮುಂದಕ್ಕೆ ಹೋಯಿತು. 160 ಪೀಸ್ ನನ್ನ ತಲೆ ಮೇಲೆ ಬಂತು. ಈಗಲೂ ನಮ್ಮ ಮನೆಯಲ್ಲಿ ನೆಲ ಒರೆಸುವ ಬಟ್ಟೆಗೆ ಬರ ಇಲ್ಲ.

ಹಾಗಾಗಿ ಈಗ ಬಂದವರನ್ನು ಕೂರಿಸಿ, ಟೀ ತರಿಸಿ, ಮೊದಲು ಅಡ್ವಾನ್ಸ್ ಬುಕಿಂಗ್ ತಗೊಂಡು ಗಿರಾಕಿ ಇದ್ದಾರಾ ನೋಡೋಣ ಅನ್ನುತ್ತೇನೆ. ಹೊಸ ವಿದ್ಯೆಯೇನಲ್ಲ ಇದು. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲೇ ನಾಟಕ ಕಂಪನಿ ಹುಟ್ಟಿತ್ತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ನಾಡಿಗೆಲ್ಲ ಗೊತ್ತಾಯಿತು. ಕಂಪನಿ ನಾಟಕದವರ ಲೆಕ್ಕ ಸರಳ. ಊರಲ್ಲಿ ಕ್ಯಾಂಪ್ ಹಾಕು, ರಾತ್ರಿ ಕಲೆಕ್ಷನ್ ನೋಡು. ಕಲೆಕ್ಷನ್ ಬಿದ್ದರೆ ನಾಟಕ ಬದಲಿಸು. ಅದಕ್ಕೂ ಜನ ಬರಲಿಲ್ಲ ಅಂದರೆ ಕ್ಯಾಂಪ್ ಎತ್ತು. ಚಪ್ಪಾಳೆ ಎಷ್ಟು ಬಿತ್ತು ಅಂತ ಯಾರೂ ಪುಸ್ತಕದಲ್ಲಿ ಬರೆದಿಡುತ್ತಿರಲಿಲ್ಲ. ನಿಮ್ಮ ಪೋಸ್ಟಿಗೆ ಬಿದ್ದ ಲೈಕು ಆ ಚಪ್ಪಾಳೆ ಇದ್ದ ಹಾಗೆ.

ಮುಂದೆ ನಡುನಡುವೆ ಒಬ್ಬ ಹುಡುಗನ ವಿಷಯ ಬರುತ್ತದೆ. ಬೆಳಗ್ಗೆ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಕೆಲಸ ಮುಗಿಸಿ, ರಾತ್ರಿ ತುಮಕೂರಿಗೆ ವಾಪಸ್ ಬರುವವನು. ಊರಿನ ಕಬಡ್ಡಿ ತಂಡ ಅಂದರೆ ಪ್ರಾಣ. ಅವನು ನಾನು ಹೇಳಿದ್ದನ್ನು ಸುಮಾರಾಗಿ ಪಾಲಿಸಿದ. ಕೆಲವು ಕಡೆ ನನಗಿಂತ ಚೆನ್ನಾಗಿಯೇ ಮಾಡಿದ.

ಮೊದಲು, ಇದು ಯಾರ ಸೊತ್ತು?

ಗಿರಾಕಿ ಹುಡುಕುವುದಕ್ಕೂ ಮುಂಚಿನ ಕೆಲಸ ಇದು. ಬೇಜಾರಿನ ವಿಷಯ, ಆದರೆ ಇಲ್ಲಿ ಎಡವಿದರೆ ಮುಂದಿನದೆಲ್ಲ ಸುಮ್ನೆ.

ಕ್ರಿಕೆಟ್ ತಂಡದ ಹೆಸರು, ಲೋಗೋ ಅವರ ಟ್ರೇಡ್ ಮಾರ್ಕ್, ಅಂದರೆ ಅವರಿಗೇ ಸೇರಿದ ವ್ಯಾಪಾರದ ಗುರುತು. ಸಿನಿಮಾ ಪೋಸ್ಟರ್, ಸ್ಟಿಲ್ ಕಾಪಿರೈಟಿನ, ಅಂದರೆ ಕೃತಿಯ ಮೇಲಿನ ಹಕ್ಕಿನ, ಅಡಿ ಬರುತ್ತವೆ. 'ನಾನೇ ಕೈಯಲ್ಲಿ ಬಿಡಿಸಿದ ಸ್ಕೆಚ್ ಅಣ್ಣ, ಫೋಟೋ ಅಲ್ಲ' ಅನ್ನುತ್ತಾರೆ ಹುಡುಗರು. ಕೈ ನಿಮ್ಮದೇ, ಮುಖ ನಿಮ್ಮದಲ್ಲ ಅಲ್ವಾ? ಹೆಸರಾಂತ ವ್ಯಕ್ತಿಗಳ ಹೆಸರು, ರೂಪ, ಶೈಲಿಗೂ ಕೋರ್ಟುಗಳು ರಕ್ಷಣೆ ಕೊಟ್ಟಿವೆ. 2015ರಲ್ಲಿ ರಜನಿಕಾಂತ್ ಅವರ ಹೆಸರು, ಶೈಲಿ ಬಳಸಿದ ಸಿನಿಮಾ ಒಂದಕ್ಕೆ ಮದ್ರಾಸ್ ಹೈಕೋರ್ಟ್ ತಡೆ ಹಾಕಿತು. 2023ರಲ್ಲಿ ಅನಿಲ್ ಕಪೂರ್ ಅವರ ಹೆಸರು, ಚಿತ್ರ, ದನಿಯನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸಬಾರದು ಅಂತ ದೆಹಲಿ ಹೈಕೋರ್ಟ್ ಹೇಳಿತು. 1999ರ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ಇನ್ನೊಬ್ಬರ ಗುರುತನ್ನು ನಕಲು ಹೊಡೆದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ರಸ್ತೆ ಬದಿಯಲ್ಲಿ ಎಲ್ಲರೂ ಮಾರುತ್ತಾರಲ್ಲ ಅನ್ನಬೇಡಿ. ಅವರು ನಾಳೆ ಬೇರೆ ರಸ್ತೆಗೆ ಹೋಗುತ್ತಾರೆ. ನೀವು ಹೆಸರು ಹಾಕಿಕೊಂಡು ವ್ಯಾಪಾರ ಕಟ್ಟಬೇಕು ಅಂತ ಹೊರಟವರು. ಈಗ ನನ್ನ ಅಂಗಡಿಗೆ ಯಾರೇ ತಂಡದ ಲೋಗೋ ಹಿಡಿದು ಬಂದರೂ ಒಪ್ಪಿಗೆ ಪತ್ರ ಕೇಳುತ್ತೇನೆ. ಅರ್ಧ ಜನ ಅಲ್ಲಿಗೇ ವಾಪಸ್ ಹೋಗುತ್ತಾರೆ. ನನ್ನ ಆ ಹಳೇ 200 ಟೀ ಶರ್ಟಿಗೂ ಯಾವ ಪತ್ರವೂ ಇರಲಿಲ್ಲ. ನೋಟಿಸ್ ಬರದೇ ಇದ್ದದ್ದು ನನ್ನ ಪುಣ್ಯ.

ಮಾರುವ ಮೊದಲು ಬುಕಿಂಗ್ ಮಾತ್ರ ತಗೋತೀನಿ, ಆಮೇಲೆ ಅನುಮತಿ ಕೇಳ್ತೀನಿ ಅನ್ನುವುದೂ ಆಗದ ಮಾತು. ದುಡ್ಡು ಕೇಳಿದಿರಿ ಅಂದರೆ ವ್ಯಾಪಾರ ಶುರುವಾಯಿತು.

ಹಾಗಾದರೆ ಏನು ಮಾರಬಹುದು? ಬಾಗಿಲು ತಟ್ಟಿದರೆ ತೆಗೆಯುವವರ ಹತ್ತಿರ ಹೋಗಿ. ತಾಲೂಕಿನ ಕಬಡ್ಡಿ ತಂಡ, ಕಾಲೇಜಿನ ಬ್ಯಾಂಡು, ಹವ್ಯಾಸಿ ನಾಟಕ ತಂಡ, ನಮ್ಮ ಕಡೆಯ ಮಾತಿನಲ್ಲೇ ವಿಡಿಯೋ ಮಾಡುವ ಯೂಟ್ಯೂಬರ್. ಇವರಿಗೆ 5 ಸಾವಿರ ಅಭಿಮಾನಿಗಳಿದ್ದರೂ ಸಾಕು. ಇವರ ಹೆಸರಿನ ಸಾಮಾನು ಬೇರೆ ಯಾರೂ ಮಾಡುತ್ತಿರುವುದಿಲ್ಲ. ಇನ್ನೊಂದು ದಾರಿ, ಯಾರ ಹೆಸರೂ ಇಲ್ಲದ ನಿಮ್ಮದೇ ಡಿಸೈನ್. ಕನ್ನಡ ಅಕ್ಷರ, ನಮ್ಮೂರಿನ ಮಾತು, ಕಲ್ಪತರು ನಾಡಿನ ತೆಂಗು. ನವೆಂಬರ್ 1ರ ಸುತ್ತಮುತ್ತ ಇದಕ್ಕೆ ಗಿರಾಕಿ ಇದ್ದೇ ಇದ್ದಾರೆ.

ಒಪ್ಪಿಗೆ ಬಾಯಿಮಾತಲ್ಲಿ ಬೇಡ. ಒಂದೇ ಹಾಳೆ ಸಾಕು. ಯಾವ ಹೆಸರು, ಯಾವ ಚಿತ್ರ, ಯಾವ ಸಾಮಾನಿನ ಮೇಲೆ, ಎಷ್ಟು ತಿಂಗಳು, ಮಾರಿದ ಪ್ರತಿ ಪೀಸಿಗೆ ಅವರಿಗೆ ಎಷ್ಟು, ಕೆಳಗೆ ಸಹಿ. ಡಿಸೈನ್ ಮಾಡಿಕೊಟ್ಟ ಗೆಳೆಯನಿಂದಲೂ ಬರೆಸಿಕೊಳ್ಳಿ. ಕಾಪಿರೈಟ್ ವರ್ಗಾವಣೆ ಬರಹದಲ್ಲಿದ್ದರೆ ಮಾತ್ರ ನಿಲ್ಲುತ್ತದೆ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ಹಿಡಿಯುತ್ತದೆ. ಕಬಡ್ಡಿ ಹುಡುಗ ತಂಡದ ಕ್ಯಾಪ್ಟನ್ ಒಬ್ಬನ ಸಹಿ ಮಾತ್ರ ತಂದಿದ್ದ. ತಂಡ ನಡೆಸುವುದು ಸಂಘ, ಕ್ಯಾಪ್ಟನ್ ಅಲ್ಲ. ಕಾರ್ಯದರ್ಶಿಯ ಸಹಿ, ಸೀಲು ಹಾಕಿಸಿಕೊಂಡು ಬಾ ಅಂತ ವಾಪಸ್ ಕಳಿಸಿದೆ. ಮುನಿಸಿಕೊಂಡೇ ಹೋದ, ತಗೊಂಡೇ ಬಂದ.

ಒಂದು ಪೀಸ್ ಉಳಿದರೆ ಏನಾಗುತ್ತದೆ

ಈಗ ಪೆನ್ನು ಹಿಡಿಯಿರಿ. ಬೆಲೆಗಳು ಬಟ್ಟೆ, ಊರು, ಅಂಗಡಿ ನೋಡಿ ಬದಲಾಗುತ್ತವೆ. ಲೆಕ್ಕದ ದಾರಿ ತೋರಿಸಲು ಒಂದು ಉದಾಹರಣೆ ಕೊಡುತ್ತೇನೆ. ಪ್ಲೇನ್ ರೌಂಡ್ ನೆಕ್ ಹತ್ತಿ ಟೀ ಶರ್ಟಿಗೆ 150 ರೂಪಾಯಿ. ಪ್ರಿಂಟಿಗೆ 90. ಕವರ್, ಲೇಬಲ್ 10. ಕೆಟ್ಟುಹೋದ ಪೀಸು, ಆಟೋ, ಅದೂ ಇದೂ ಸೇರಿ 20. ಒಟ್ಟು 270. ಮಾರುವ ಬೆಲೆ 399 ಅಂತ ಇಟ್ಟುಕೊಳ್ಳಿ. ತಂಡಕ್ಕೆ ಪೀಸಿಗೆ 40 ಕೊಟ್ಟರೆ ನಿಮ್ಮ ಕೈಗೆ 89. ಕೊರಿಯರ್ ಗಿರಾಕಿಯ ಲೆಕ್ಕಕ್ಕೆ.

ಈಗ ಒಂದು ಪೀಸ್ ಮಾರಾಟ ಆಗದೆ ಉಳಿಯಿತು ಅನ್ನಿ. ಹೋಗಿದ್ದು 270. ಅದನ್ನು ತುಂಬಿಸಲು ಮೂರು ಪೀಸಿನ ಲಾಭಕ್ಕಿಂತ ಚೂರು ಜಾಸ್ತಿಯೇ ಬೇಕು. 100ರಲ್ಲಿ 25 ಉಳಿದರೆ? ಮಾರಿದ 75 ಪೀಸಿನ ಲಾಭ 6,675 ರೂಪಾಯಿ, ಉಳಿದ 25ರ ನಷ್ಟ 6,750. ನಾಲ್ಕರಲ್ಲಿ ಮೂರು ಪಾಲು ಮಾರಿಯೂ ಕೈ ಖಾಲಿ. ಈ ಲೆಕ್ಕವನ್ನು ಹಾಳೆಯಲ್ಲಿ ಬರೆದು ತೋರಿಸಿದಾಗ ಮಾತ್ರ ಬೈಕಿನ ಹುಡುಗರು ಸ್ವಲ್ಪ ಸುಮ್ಮನಾಗುತ್ತಾರೆ.

ಅದಕ್ಕೇ ಗಿರಾಕಿ ಇದ್ದಾರಾ ಅಂತ ಪರೀಕ್ಷೆ ಮಾಡುವ ಹೊತ್ತಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಜಾಲರಿಯ ಮೂಲಕ ಬಣ್ಣ ಇಳಿಸುವ ಕೆಲಸ, ಬೇಡ. ಅದರಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಮಾಡಬೇಕು. ಜಾಸ್ತಿ ಪೀಸ್ ಹೊಡೆದರೆ ಮಾತ್ರ ಅಗ್ಗ ಬೀಳುತ್ತದೆ. ಆ ಅಗ್ಗದ ಆಸೆಗೇ ಜನ 200 ಹಾಕಿಸುವುದು. ಡಿಟಿಎಫ್ ಮಾಡಿಸಿ. ಡಿಸೈನ್ ಫಿಲ್ಮಿನ ಮೇಲೆ ಪ್ರಿಂಟ್ ಆಗುತ್ತದೆ, ಆಮೇಲೆ ಹೀಟ್ ಪ್ರೆಸ್ಸಿನಲ್ಲಿ ಬಟ್ಟೆಗೆ ಕೂರುತ್ತದೆ. ಒಂದೇ ಪೀಸ್ ಆದರೂ ಮಾಡಬಹುದು. ಪೀಸಿಗೆ ಸ್ವಲ್ಪ ದುಬಾರಿ, ಆದರೆ ಕಪಾಟಿನಲ್ಲಿ ಏನೂ ಕೂರುವುದಿಲ್ಲ. ಜೆರ್ಸಿ ಬೇಕಿದ್ದರೆ ಸಬ್ಲಿಮೇಷನ್, ಅಂದರೆ ಬಿಸಿ ಕೊಟ್ಟು ಬಣ್ಣವನ್ನು ನೂಲಿನೊಳಗೇ ಇಳಿಸುವುದು. ಅದು ಪಾಲಿಯೆಸ್ಟರ್ ಬಟ್ಟೆಗೆ, ಅದರಲ್ಲೂ ತಿಳಿ ಬಣ್ಣಕ್ಕೆ ಮಾತ್ರ ಹಿಡಿಯುತ್ತದೆ. ಹತ್ತಿ ಬಟ್ಟೆ ತಂದು ಸಬ್ಲಿಮೇಷನ್ ಮಾಡಿಕೊಡಿ ಅಂತ ಜಗಳ ಆಡಿದವರೂ ಇದ್ದಾರೆ.

ತೆರಿಗೆ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕರ್ನಾಟಕದೊಳಗೆ ಮಾತ್ರ ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಬೇರೆ ರಾಜ್ಯಕ್ಕೆ ಸಾಮಾನು ಕಳಿಸಿದರೆ ಮೊದಲ ಪೀಸಿನಿಂದಲೇ ಬೇಕು. ಹಾಗಾಗಿ ಪರೀಕ್ಷೆಯನ್ನು ರಾಜ್ಯದೊಳಗೇ ಮುಗಿಸಿ. ನೋಂದಣಿ ಇಲ್ಲದಿದ್ದರೆ ಪ್ಲೇನ್ ಟೀ ಶರ್ಟ್ ತರುವಾಗ ನೀವು ಕೊಟ್ಟ ತೆರಿಗೆ ವಾಪಸ್ ಬರುವುದಿಲ್ಲ. ಅದನ್ನೂ ವೆಚ್ಚಕ್ಕೆ ಸೇರಿಸಿ.

ಸಂಘದ ಆರ್ಡರ್ ನೋಡಿ ಮೋಸ ಹೋಗಬೇಡಿ

ಅಭಿಮಾನಿ ಸಂಘದ ಅಧ್ಯಕ್ಷರು ಬಂದು 'ನಮ್ ಹುಡುಗ್ರೇ 500 ಜನ ಇದಾರೆ' ಅಂದರೆ ಎದೆ ಉಬ್ಬುತ್ತದೆ. ಮಾರ್ಚ್ 17ಕ್ಕೆ ಅಪ್ಪು ಹುಟ್ಟುಹಬ್ಬದ ಅನ್ನದಾನ, ರಕ್ತದಾನ ಶಿಬಿರಕ್ಕೆ ಎಲ್ಲರಿಗೂ ಒಂದೇ ಥರದ ಟೀ ಶರ್ಟ್ ಬೇಕು. ಅವರು ಕೇಳುವುದು ಅಸಲಿನ ಬೆಲೆ. ಬೆನ್ನ ಮೇಲೆ ಅವರ ಸಂಘದ ಹೆಸರು ಬರಬೇಕು. ದುಡ್ಡು ಕೊಡುವುದು ಯಾರೋ ಒಬ್ಬ ದಾನಿ. ಹಾಕಿಕೊಳ್ಳುವವನು ಒಂದು ರೂಪಾಯಿಯೂ ಕೊಡುವುದಿಲ್ಲ. ಇದೂ ವ್ಯಾಪಾರವೇ, ನನ್ನ ಅಂಗಡಿ ನಡೆಯುವುದೇ ಇದರಿಂದ. ಆದರೆ ಇದು ಪ್ರಿಂಟಿಂಗ್ ಕೆಲಸಕ್ಕೆ ಇರುವ ಬೇಡಿಕೆ. ನಿಮ್ಮ ಡಿಸೈನನ್ನು ಒಬ್ಬ ಹುಡುಗ ತನ್ನ ಜೇಬಿನಿಂದ 399 ಕೊಟ್ಟು ತಗೊಂಡು, ಸೋಮವಾರ ಕಾಲೇಜಿಗೆ ಹಾಕಿಕೊಂಡು ಹೋಗುತ್ತಾನಾ ಅನ್ನುವುದು ಬೇರೆಯೇ ಪ್ರಶ್ನೆ. ಎರಡನ್ನೂ ಒಂದೇ ಪುಟದಲ್ಲಿ ಬರೆಯಬೇಡಿ.

ಗೆಳೆಯರು, ನೆಂಟರು ಇವರನ್ನೂ ಬೇರೆ ಬರೆದಿಡಿ. ಮೊದಲ ಹತ್ತು ಬುಕಿಂಗ್ ಅವರದ್ದೇ ಇರುತ್ತದೆ. ಅಕ್ಕನ ಮಗ, ರೂಮ್‌ಮೇಟು, ಹಳೇ ಮೇಷ್ಟ್ರು. ಅವರು ಕೊಡುವುದು ನಿಮಗಾಗಿ, ಟೀ ಶರ್ಟಿಗಾಗಿ ಅಲ್ಲ. ಬೇಡ ಅನ್ನಬೇಡಿ, ಲೆಕ್ಕಕ್ಕೆ ಮಾತ್ರ ಹಿಡಿಯಬೇಡಿ.

ಸ್ಯಾಂಪಲ್ ಒಗೆದು ನೋಡಿ

ಎರಡೇ ಪೀಸ್ ಮಾಡಿಸಿ. ಒಂದು ಫೋಟೋಗೆ, ಒಂದು ನಿಮಗೆ. ನಿಮ್ಮದನ್ನು ಐದು ಸಲ ಮನೆಯಲ್ಲೇ ಒಗೆಯಿರಿ, ಒಂದು ಸಲವಾದರೂ ಕಲ್ಲಿನ ಮೇಲೆ ಬ್ರಷ್ ಹಾಕಿ. ನಮ್ಮ ಅಮ್ಮಂದಿರು ಒಗೆಯುವುದು ಹಾಗೇ ಅಲ್ವಾ. ಪ್ರಿಂಟ್ ಬಿರುಕು ಬಿಟ್ಟಿತಾ, ಬಟ್ಟೆ ಎಷ್ಟು ಕುಗ್ಗಿತು ನೋಡಿ. ಎದೆ ಅಳತೆಯನ್ನು ಒಗೆಯುವ ಮೊದಲು, ಒಗೆದ ಮೇಲೆ ಟೇಪ್ ಹಿಡಿದು ಬರೆದುಕೊಳ್ಳಿ. ಒಂದು ಕಂಪನಿಯ ಎಲ್ ಇನ್ನೊಂದರ ಎಂ ಇರುತ್ತದೆ. ಹಾಗಾಗಿ ಬುಕಿಂಗ್ ತಗೊಳ್ಳುವಾಗ ಅಕ್ಷರದ ಜೊತೆ ಇಂಚೂ ಹೇಳಿ.

ಫೋಟೋವನ್ನು ಗೋಡೆಗೆ ನೇತುಹಾಕಿ ತೆಗೆಯಬೇಡಿ. ಒಬ್ಬ ಹಾಕಿಕೊಂಡು ಬಿ.ಎಚ್. ರಸ್ತೆಯಲ್ಲಿ ನಡೆದು ಹೋಗಲಿ, ಫೋನಿನಲ್ಲೇ ತೆಗೆಯಿರಿ.

ಹತ್ತು ದಿನದ ಬುಕಿಂಗ್

ಇಡೀ ಪರೀಕ್ಷೆಯ ಜೀವ ಇಲ್ಲಿದೆ. ಟೀ ಶರ್ಟ್ ಇನ್ನೂ ಮಾಡಿಲ್ಲ ಅಂತ ನೇರವಾಗಿ ಹೇಳಿ. ಬೆಲೆ ಹೇಳಿ. ಅಡ್ವಾನ್ಸ್ ಕೇಳಿ. 100 ರೂಪಾಯಿ ಆದರೂ ಸರಿ, ಕೇಳಲೇಬೇಕು. 'ಬೇಕು ಬ್ರೋ', 'ನಂಗೊಂದು ಎತ್ತಿಡು ಗುರು', 'ಬೆಂಕಿ ಮಗಾ' ಇವೆಲ್ಲ ಕಾಸು ಖರ್ಚಿಲ್ಲದ ಮಾತುಗಳು. 100 ರೂಪಾಯಿ ಯುಪಿಐ ಮಾಡು ಅಂದ ಕೂಡಲೇ ಗುಂಪು ನಿಶ್ಶಬ್ದ ಆಗುತ್ತದೆ. ಆ ನಿಶ್ಶಬ್ದ ಕೇಳಲು ಗಟ್ಟಿ ಎದೆ ಬೇಕು. ಆದರೆ ಮನೆಯಲ್ಲಿ ಮೂಟೆ ಕಟ್ಟಿಟ್ಟ ಮೇಲೆ ಕೇಳುವುದಕ್ಕಿಂತ ಈಗಲೇ ಕೇಳುವುದು ವಾಸಿ.

ಶುರು ಮಾಡುವ ಮೊದಲೇ ಮೂರು ವಿಷಯ ಬರೆದಿಡಿ: ಕೊನೆಯ ದಿನ ಯಾವುದು, ಎಷ್ಟು ಬುಕಿಂಗ್ ಬಂದರೆ ಮಾಡುತ್ತೀರಿ, ಬರದಿದ್ದರೆ ದುಡ್ಡು ಯಾವತ್ತು ವಾಪಸ್. ಬುಕ್ ಮಾಡಿದವರಿಗೂ ಅದನ್ನೇ ಹೇಳಿ. ಮೊದಲೇ ಬರೆಯದಿದ್ದರೆ ಮನಸ್ಸು ಆಟ ಆಡುತ್ತದೆ. 30 ಬರಬೇಕಿತ್ತು, 14 ಬಂತು, ಆದರೆ ಪರೀಕ್ಷೆ ಟೈಮು, ಮಳೆ ಬೇರೆ, ತಿಂಗಳ ಕೊನೆ... ಹೀಗೆ 14 ನಿಧಾನಕ್ಕೆ 30 ಆಗಿಬಿಡುತ್ತದೆ. ವಾಪಸ್ ಕೊಡುವ ದಿನ ಬಂದರೆ ಅವರು ಕೇಳುವ ತನಕ ಕಾಯಬೇಡಿ. ಅವತ್ತು ನೀವು ಫೋನ್ ಮಾಡಿ ಕೊಟ್ಟ ದುಡ್ಡು ಮುಂದಿನ ಸಲ ನಿಮಗೆ ಗಿರಾಕಿಯಾಗಿ ವಾಪಸ್ ಬರುತ್ತದೆ.

ನೋಟ್ ಬುಕ್ಕಿನಲ್ಲಿ ಒಂದು ಪುಟ. ಎಷ್ಟು ಜನಕ್ಕೆ ತೋರಿಸಿದಿರಿ, ಎಷ್ಟು ಜನ ಬೆಲೆ ಕೇಳಿದರು, ಎಷ್ಟು ಜನ ದುಡ್ಡು ಹಾಕಿದರು, ಅದರಲ್ಲಿ ಗುರುತಿಲ್ಲದವರು ಎಷ್ಟು. ಬೆಲೆ ಕೇಳಿ ಹಿಂದೆ ಸರಿದವರಿಗೆ ಒಂದೇ ಒಂದು ಪ್ರಶ್ನೆ ಕೇಳಿ: 'ಈಚೆಗೆ ತಗೊಂಡ ಟೀ ಶರ್ಟ್ ಯಾವುದು, ಎಷ್ಟು ಕೊಟ್ಟಿರಿ?' ನಮ್ಮದು ತಗೋತೀರಾ ಅಂತ ಕೇಳಿದರೆ ಮುಖ ನೋಡಿ ಹೂಂ ಅನ್ನುತ್ತಾರೆ. ಹಿಂದೆ ಕೊಟ್ಟ ದುಡ್ಡಿನ ಬಗ್ಗೆ ಸುಳ್ಳು ಹೇಳುವ ಅಗತ್ಯ ಅವರಿಗಿಲ್ಲ.

ಒಂದೇ ವಾಟ್ಸಾಪ್ ಗುಂಪಿನಲ್ಲಿ ಇಬ್ಬರಿಗೆ ಎರಡು ಬೆಲೆ ಹೇಳಿ ಪರೀಕ್ಷೆ ಮಾಡಬೇಡಿ. ಇದು ತುಮಕೂರು. ಸಂಜೆಯೊಳಗೆ ಸ್ಕ್ರೀನ್‌ಶಾಟ್ ಓಡಾಡುತ್ತದೆ, ಮಾನ ಹೋಗುತ್ತದೆ. ಅದರ ಬದಲು ಮೂರು ಮೆಟ್ಟಿಲು ಇಡಿ. 30 ರೂಪಾಯಿಯ ಬೈಕ್ ಸ್ಟಿಕರ್, 200ರ ಆಸುಪಾಸಿನ ಮಗ್, 399ರ ಟೀ ಶರ್ಟ್. ಜನ ಯಾವ ಮೆಟ್ಟಿಲಲ್ಲಿ ನಿಲ್ಲುತ್ತಾರೆ ಅಂತ ತಾನಾಗಿ ಗೊತ್ತಾಗುತ್ತದೆ. ಸ್ಟಿಕರ್ ಖಾಲಿಯಾಯಿತು ಅಂತ ಟೀ ಶರ್ಟೂ ಹೋಗುತ್ತದೆ ಅಂದುಕೊಳ್ಳಬೇಡಿ. 30 ರೂಪಾಯಿಗೆ ಯಾರೂ ಯೋಚನೆ ಮಾಡುವುದಿಲ್ಲ.

ಜನ ಇರುವಲ್ಲೆಲ್ಲ ಗಿರಾಕಿ ಇರುವುದಿಲ್ಲ

ಶಿವರಾತ್ರಿಯ ಸಿದ್ಧಗಂಗೆ ಜಾತ್ರೆಯಲ್ಲಿ ಒಂದು ಟೇಬಲ್ ಹಾಕೋಣ ಅಂತ ಒಂದು ಸಲ ನನಗೂ ಆಸೆ ಆಗಿತ್ತು. ಎಷ್ಟು ಜನ ಅಲ್ವಾ! ಆದರೆ ಅವರು ಬಂದಿರುವುದು ತೇರು ನೋಡಲು, ದನ ಕೊಳ್ಳಲು, ದಾಸೋಹದಲ್ಲಿ ಊಟ ಮಾಡಲು. ಕಬಡ್ಡಿ ತಂಡದ ಟೀ ಶರ್ಟಿಗೆ ಅಲ್ಲಿ ಕೆಲಸವಿಲ್ಲ. ಅದನ್ನು ಕಬಡ್ಡಿ ನಡೆಯುವ ಮೈದಾನದ ಪಕ್ಕ ಇಡಬೇಕು. ಅಲ್ಲಿ 300 ಜನ ಇದ್ದರೂ 300 ಜನವೂ ಅಭಿಮಾನಿಗಳೇ. ಬ್ಯಾಂಡಿನದು ಕಾಲೇಜು ಫೆಸ್ಟಿನಲ್ಲಿ. ಕಾಲೇಜಿನೊಳಗೆ ಟೇಬಲ್ ಹಾಕಲು ಪ್ರಾಂಶುಪಾಲರ ಒಪ್ಪಿಗೆ ಬೇಕು. ರಸ್ತೆ ಬದಿ ಅಂದರೆ ಮಹಾನಗರ ಪಾಲಿಕೆಯನ್ನು ಕೇಳಬೇಕು. ಟೌನ್ ಹಾಲ್ ಸರ್ಕಲ್ಲಿನಲ್ಲಿ ಕೇಳದೆ ನಿಂತು ಸಾಮಾನೆಲ್ಲ ಎತ್ತಿಸಿಕೊಂಡವರನ್ನು ನೋಡಿದ್ದೇನೆ.

ದಿನವೂ ಮುಖ್ಯ. ಜನವರಿ 8 ಯಶ್ ಹುಟ್ಟುಹಬ್ಬ, ಏಪ್ರಿಲ್ 24 ಅಣ್ಣಾವ್ರದ್ದು, ಸೆಪ್ಟೆಂಬರ್ 2 ಸುದೀಪ್ ಅವರದ್ದು. ಆ ವಾರಗಳಲ್ಲಿ ಅಭಿಮಾನದ ಸಾಮಾನು ಏನಿಟ್ಟರೂ ಒಂದಿಷ್ಟು ಹೋಗುತ್ತದೆ. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದ ರಾತ್ರಿ ಕೆಂಪು ಬಟ್ಟೆ ಕಂಡರೆ ಸಾಕು, ಬೆಲೆ ಕೇಳುವವರಿದ್ದರು. ಅಂಥ ದಿನದ ಲೆಕ್ಕ ಹಿಡಿದು ವರ್ಷದ ಲೆಕ್ಕ ಹಾಕಿದರೆ ಕೆಟ್ಟಿರಿ. ಒಂದು ಬುಕಿಂಗ್ ಸೀಸನ್ನಿನಲ್ಲಿ, ಇನ್ನೊಂದು ಏನೂ ಇಲ್ಲದ ಬೋಳು ತಿಂಗಳಿನಲ್ಲಿ ಮಾಡಿ. ಜುಲೈಯಲ್ಲೂ ಹತ್ತು ಜನ ದುಡ್ಡು ಹಾಕಿದರೆ ಆ ಹತ್ತು ಜನ ಸೀಸನ್ನಿನ ಐವತ್ತಕ್ಕೆ ಸಮ ಅಂತ ನನ್ನ ಅನಿಸಿಕೆ.

ಕೊಟ್ಟ ಮೇಲೆ

ಬುಕಿಂಗ್ ತುಂಬಿ, ಪೀಸ್ ಮಾಡಿ ಕೊಟ್ಟಿರಿ ಅನ್ನಿ. ಕೆಲಸ ಇನ್ನೂ ಇದೆ. ಮೂರು ವಾರ ಬಿಟ್ಟು ಗುರುತಿಲ್ಲದ ಐದಾರು ಗಿರಾಕಿಗಳಿಗೆ ಫೋನ್ ಮಾಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ಎಷ್ಟು ಸಲ ಹಾಕಿಕೊಂಡಿರಿ, ಎಲ್ಲಿಗೆ ಹಾಕಿಕೊಂಡು ಹೋದಿರಿ, ನೋಡಿದವರು ಎಲ್ಲಿ ತಗೊಂಡೆ ಅಂತ ಕೇಳಿದರಾ? ಯಾರಾದರೂ ಎರಡನೇ ಪೀಸ್ ಕೇಳಿದರೆ ಆ ಹೆಸರಿನ ಸುತ್ತ ಗೆರೆ ಎಳೆಯಿರಿ. ಬುಕಿಂಗ್ ಪುಟದಲ್ಲಿರುವ ಸೈಜುಗಳನ್ನೂ ಎಣಿಸಿ. ಮುಂದೆ ಲಾಟು ತರುವಾಗ ಎಷ್ಟು ಎಂ, ಎಷ್ಟು ಎಲ್ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಲೆಕ್ಕ ಸಿಗುವುದಿಲ್ಲ. ನನ್ನ 160ರಲ್ಲಿ ಅರ್ಧಕ್ಕರ್ಧ ಎಸ್ ಮತ್ತು ಡಬಲ್ ಎಕ್ಸೆಲ್ ಇತ್ತು. ಎಲ್ಲ ಸೈಜೂ ಸಮಸಮ ತಂದಿದ್ದೆ, ದಡ್ಡ.

ಎರಡು ಸಲ ಬುಕಿಂಗ್ ತುಂಬಿತು, ಅದರಲ್ಲೂ ಒಂದು ಸಲ ಬೋಳು ತಿಂಗಳಲ್ಲಿ ತುಂಬಿತು ಅಂದರೆ ಆಗ ಹೆಸರು ನೋಂದಾಯಿಸುವ ಯೋಚನೆ ಮಾಡಿ. ಟ್ರೇಡ್ ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಆ ಹೆಸರು ಬೇರೆ ಯಾರಿಗಾದರೂ ಇದೆಯಾ ಅಂತ ಪುಕ್ಕಟೆ ಹುಡುಕಬಹುದು. ಬಟ್ಟೆ 25ನೇ ವರ್ಗಕ್ಕೆ ಬರುತ್ತದೆ, ಮಗ್ 21ಕ್ಕೆ. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ವರ್ಗಕ್ಕೆ 4,500 ರೂಪಾಯಿ ಶುಲ್ಕ. ಅಂಗಡಿ ಬಾಡಿಗೆ, ಬೋರ್ಡು, ಹೀಟ್ ಪ್ರೆಸ್ ಎಲ್ಲ ಅದಾದ ಮೇಲೆ.

ಕಬಡ್ಡಿ ಹುಡುಗನಿಗೆ ಏನಾಯಿತು ಅಂತ ಹೇಳಬೇಕಲ್ಲ. 30 ಬುಕಿಂಗ್ ಗುರಿ ಇಟ್ಟಿದ್ದ. ಹತ್ತು ದಿನಕ್ಕೆ 19 ಬಂತು. ಅದರಲ್ಲಿ ಗುರುತಿಲ್ಲದವರು 11. 'ಅಣ್ಣ, 19 ಆದ್ರೂ ಹಾಕೋಣ' ಅಂತ ಬಂದ. ಬರೆದಿದ್ದೇನು ಅಂತ ಕೇಳಿದೆ. ಅವತ್ತು ರಾತ್ರಿಯೇ 19 ಜನಕ್ಕೂ ದುಡ್ಡು ವಾಪಸ್ ಹಾಕಿದ. ಹಾಕುವಾಗ ಆ 11 ಜನಕ್ಕೆ ಫೋನ್ ಮಾಡಿ ಈಚೆಗೆ ತಗೊಂಡ ಟೀ ಶರ್ಟ್ ಯಾವುದು ಅಂತ ಕೇಳಿದ. ನಾಲ್ಕು ಜನ ಒಂದೇ ಥರ ಹೇಳಿದರು. ಅವರೂ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು. ಬೆಳಗ್ಗೆ ಪ್ಲಾಟ್‌ಫಾರಂ ಮೇಲೆ ಚಳಿ, ಅರ್ಧ ತೋಳಿನದು ಹಾಕಿಕೊಂಡರೂ ಮೇಲೆ ಜರ್ಕಿನ್ ಹಾಕಬೇಕು, ತಂಡದ ಹೆಸರು ಒಳಗೇ ಮುಚ್ಚಿಹೋಗುತ್ತದೆ. ಹಾಗಾಗಿ ಅವರು ತಗೊಂಡಿದ್ದು ತುಂಬು ತೋಳಿನದು, 500ರ ಮೇಲೆ ಕೊಟ್ಟು.

ಈಗ ತುಂಬು ತೋಳಿನದಕ್ಕೆ ಬುಕಿಂಗ್ ತೆರೆದಿದ್ದಾನೆ. ಬೆಲೆ 549. ಸ್ಯಾಂಪಲ್ ನನ್ನ ಅಂಗಡಿಯ ಹಗ್ಗದ ಮೇಲೆ ನಾಲ್ಕನೇ ಒಗೆತ ಮುಗಿಸಿ ಒಣಗುತ್ತಿದೆ. ಕೊನೆಯ ದಿನ ಈ ಶನಿವಾರ.